ಹಾಸ್ಟೆಲ್ ಅಡುಗೆಮನೆಗೆ ಎಂ.ಎಸ್ಸಿ. ಬಂದದ್ದು

ನಾನು ಅಡುಗೆಯವಳು. ಮಳವಳ್ಳಿಯ ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಸಹಾಯಕಿಯಾಗಿ ಸೇರಿ, ಅಲ್ಲೇ ಮುಖ್ಯ ಅಡುಗೆಯವಳಾಗಿ ನಿವೃತ್ತಳಾದೆ. ನಡುವೆ ಬಡ್ತಿ ಯಾವಾಗ ಬಂತು ಅನ್ನುವುದು ಹೇಳುವಂಥದ್ದಲ್ಲ. ಬಡ್ತಿ ಬಂದ ದಿನವೂ ಸಾರಿಗೆ ಹುಣಸೆಹಣ್ಣು ನೆನೆಹಾಕಿದ್ದೆ, ಮಾರನೆಯ ದಿನವೂ ನೆನೆಹಾಕಿದೆ. ಈಗ ಮಂಡ್ಯದ ಗುತ್ತಲಿನಲ್ಲಿ ತಂಗಿಯ ಮನೆಯ ಮಹಡಿಯಲ್ಲಿದ್ದೇನೆ. ಇಬ್ಬರಿಗೆ ಅಡುಗೆ ಮಾಡುವುದು ನನಗಿನ್ನೂ ಕೈಗೆ ಹತ್ತಿಲ್ಲ. ಬಂದ ಹೊಸತರಲ್ಲಿ ನಾನು ಮಾಡಿದ ಬಸ್ಸಾರನ್ನು ಬೀದಿಯವರೆಲ್ಲ ಪಾತ್ರೆ ತಂದು ಹಾಕಿಸಿಕೊಂಡು ಹೋದರು. ಬೀದಿಯ ಪರಿಚಯವಾದದ್ದು ಹಾಗೆ.

ಹಾಗೆ ಪಾತ್ರೆ ತಂದವರಲ್ಲಿ ಎದುರು ಮನೆಯ ರಮ್ಯಾ ಒಬ್ಬಳು. ಎಂ.ಕಾಂ. ಮುಗಿಸಿದ್ದಾಳೆ. ಅವಳಿಗೆ ಒಂದು ಕಚೇರಿಯಲ್ಲಿ ಅಟೆಂಡರ್ ಕೆಲಸದ ಆದೇಶ ಬಂದಿದೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು ಅನ್ನುವ ಕೆಲಸ. ಅವಳ ತಾಯಿ ಕಣ್ಣು ಮುಚ್ಚಿಕೊಂಡು ಸೇರು ಅನ್ನುತ್ತಾರೆ. ತಂದೆ, ಇಷ್ಟು ಓದಿಸಿದ್ದು ಸಾಹೇಬರ ಲೋಟ ತೊಳೆಯುವುದಕ್ಕಾ ಅನ್ನುತ್ತಾರೆ. ನೀವು ಸರ್ಕಾರಿ ಕೆಲಸದಲ್ಲಿದ್ದವರು, ನೀವೇ ಹೇಳಿ ಆಂಟಿ ಎಂದು ಅವಳು ನನ್ನ ಮುಂದೆ ಬಂದು ಕೂತಳು. ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ನನಗೆ ಗೊತ್ತಿರುವುದು ನಮ್ಮ ಹಾಸ್ಟೆಲಿನ ಸವಿತಾಳ ವಿಷಯ. ಅದನ್ನು ಹೇಳಿದೆ. ರಮ್ಯಾಳಂಥವರು ಇನ್ನೂ ಬೇಕಾದಷ್ಟು ಮಂದಿ ಇದ್ದಾರೆಂದು ಕೇಳುತ್ತೇನೆ. ಅದಕ್ಕೇ ಇಲ್ಲೂ ಬರೆಯುತ್ತಿದ್ದೇನೆ.

ಮೊದಲು ಕೆಲಸ ಎಂಥದ್ದು ಅನ್ನುವುದನ್ನು ಹೇಳಬೇಕು. ಎಂಬತ್ತು ಚಿಲ್ಲರೆ ಹುಡುಗಿಯರು. ಬೆಳಕು ಹರಿಯುವ ಮೊದಲೇ ಒಲೆ ಹಚ್ಚಬೇಕು. ನಾನು ಸೇರಿದಾಗ ಸೌದೆ ಒಲೆ. ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ, ಅಳದೇ ಇದ್ದ ದಿನವೂ ಅತ್ತವರ ಹಾಗೆ ಕಾಣುತ್ತಿದ್ದೆವು. ಆಮೇಲೆ ಗ್ಯಾಸ್ ಬಂತು. ಗ್ಯಾಸ್ ಬಂದ ಮೇಲೆ ಕಣ್ಣು ಸರಿಹೋಯಿತು, ಮಂಡಿ ಹಾಗೇ ಉಳಿಯಿತು. ರಾತ್ರಿ ಊಟಕ್ಕೆ ಮುದ್ದೆ ತಪ್ಪದು. ಕುದಿಯುವ ನೀರಿಗೆ ರಾಗಿಹಿಟ್ಟು ಸುರಿದು, ಬೇಯಲು ಬಿಟ್ಟು, ಆಮೇಲೆ ಇಬ್ಬರು ಎದುರುಬದುರು ನಿಂತು, ಒಬ್ಬರು ಪಾತ್ರೆ ಅಲ್ಲಾಡದಂತೆ ಕವೆಗೋಲು ಒತ್ತಿ ಹಿಡಿದರೆ ಇನ್ನೊಬ್ಬರು ಮುದ್ದೆ ಕೋಲಿನಿಂದ ತಿರುವಬೇಕು. ಒಂದು ಗಳಿಗೆ ತಡವಾದರೂ ಗಂಟು. ಗಂಟಾದ ಮುದ್ದೆಯನ್ನು ನಮ್ಮ ಕಡೆಯ ಹುಡುಗಿಯರು ತಿನ್ನುವುದಿಲ್ಲ, ಬೈಯುವುದೂ ಇಲ್ಲ. ತಟ್ಟೆಯಲ್ಲಿ ಒಂದು ಪಕ್ಕಕ್ಕೆ ಸರಿಸಿ ನಮ್ಮ ಮುಖ ನೋಡುತ್ತಾರೆ. ಬೈದಿದ್ದರೇ ವಾಸಿ ಅನಿಸುತ್ತದೆ.

ಇಲಾಖೆಯವರು ಒಮ್ಮೆ ಮುದ್ದೆ ಮಾಡುವ ಮಿಷನ್ ಕಳಿಸಿದರು. ಒಳ್ಳೆಯ ಮಿಷನ್. ಎಲ್ಲ ಮುದ್ದೆಯೂ ಒಂದೇ ಗಾತ್ರ ಬರುತ್ತಿತ್ತು. ಅವಳದು ದೊಡ್ಡದು, ನನ್ನದು ಚಿಕ್ಕದು ಎಂದು ದಿನವೂ ಜಗಳವಾಡುತ್ತಿದ್ದ ಹುಡುಗಿಯರು ಜಗಳಕ್ಕೆ ಕಾರಣವಿಲ್ಲದೆ ಕಿಟಕಿ ಪಕ್ಕದ ಜಾಗಕ್ಕೆ ಜಗಳ ಶುರುಮಾಡಿದರು. ಒಂದು ಬೇಸಿಗೆ ರಜೆ ಮುಗಿಸಿ ಬರುವುದರಲ್ಲಿ ಮಿಷನ್ ಕೆಟ್ಟಿತ್ತು. ರಿಪೇರಿಯವರು ನಾಳೆ ಬರುತ್ತೇವೆ ಎಂದಿದ್ದಾರೆ. ಅದಕ್ಕೆ ಬಟ್ಟೆ ಹೊದಿಸಿದ್ದೇವೆ. ಈಗಲೂ ಪ್ರತಿ ಆಯುಧಪೂಜೆಗೆ ಅರಿಸಿನ ಕುಂಕುಮ ಹಚ್ಚುತ್ತಾರೆ.

ವಾರ್ಡನ್‌ಗಳು ಬಂದರು, ಹೋದರು. ಒಬ್ಬರಿಗೆ ಸಾರಿನ ರುಚಿ ನೋಡುವ ಅಭ್ಯಾಸ. ನೋಡಿದವರು ಯಾರಿಗೂ ಹೇಳದೆ ಒಂದು ಹಿಡಿ ಉಪ್ಪು ಹಾಕಿ ಹೋಗುತ್ತಿದ್ದರು. ದೊಡ್ಡವರಿಗೆ ಹಾಕಬೇಡಿ ಅನ್ನುವುದು ಹೇಗೆ? ನಾವೇ ಒಂದು ಹಿಡಿ ಕಡಿಮೆ ಹಾಕತೊಡಗಿದೆವು. ಅವರಿಗೆ ವರ್ಗವಾದ ದಿನ ಸಾರು ಸಪ್ಪೆಯಾಯಿತು. ಮೇಡಂ ಹೋದ ದುಃಖಕ್ಕೆ ಜಯಕ್ಕ ಉಪ್ಪನ್ನೇ ಮರೆತಿದ್ದಾರೆ ಎಂದು ಹುಡುಗಿಯರು ನನ್ನನ್ನು ಸಮಾಧಾನ ಮಾಡಿದರು. ನಾನೂ ಮಾಡಿಸಿಕೊಂಡೆ.

ಸವಿತಾ ಬಂದದ್ದು ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ. ಆಗ ವಾರ್ಡನ್ ಆಗಿದ್ದವರು ಪ್ರಮೀಳಾ ಮೇಡಂ. ಅಡುಗೆಮನೆಯಲ್ಲಿ ನಾನು ಮತ್ತು ಗೌರಮ್ಮ. ಗೇಟಿನಲ್ಲಿ ವಾಚ್‌ಮನ್ ಚಿಕ್ಕಣ್ಣ. ಸವಿತಾ ಅಡುಗೆ ಸಹಾಯಕಿಯ ಆದೇಶ ಹಿಡಿದುಕೊಂಡು ತಂದೆಯ ಜೊತೆ ಬಂದಳು. ಮದ್ದೂರಿನ ಹತ್ತಿರದ ಹಳ್ಳಿಯವರು. ತಂದೆ ನಿಂಗೇಗೌಡರು, ಕಬ್ಬು ಭತ್ತ ಬೆಳೆಯುವವರು, ಚೆನ್ನಾಗಿಯೇ ಇದ್ದವರು. ಕೈಯಲ್ಲೊಂದು ಚೀಲ, ಅದರ ತುಂಬ ಅಚ್ಚುಬೆಲ್ಲ. ಮೇಡಂ ಸವಿತಾಳ ಕಾಗದಗಳನ್ನು ನೋಡಿದರು, ಅವಳ ಮುಖ ನೋಡಿದರು, ಮತ್ತೆ ಕಾಗದ ನೋಡಿದರು. ಎಂ.ಎಸ್ಸಿ., ಗಣಿತ.

ಗಣಿತದ ವಿಷಯ ನಿಂಗೇಗೌಡರು ಎತ್ತಲೇ ಇಲ್ಲ. ಅವರಿಗೆ ಬೇಕಾಗಿದ್ದುದು ಬೇರೆ. ಬೆಲ್ಲದ ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ನನಗೂ ಮೇಡಂಗೂ ಒಟ್ಟಿಗೆ ಹೇಳಿದರು:

“ನೋಡ್ರವ್ವ, ಊರಲ್ಲಿ ಮಗ್ಳು ಆಸ್ಟ್ಲಲ್ಲಿ ಆಪೀಸರು ಅಂತ ಏಳ್ಬುಟ್ಟಿವ್ನಿ. ನೀವು ಆಪೀಸರು ಅಂತ ಏಳ್ಬ್ಯಾಡಿ, ಅದು ಸುಳ್ಳಾಯ್ತದೆ. ಆಪೀಸಲ್ಲಿ ಅವ್ಳೆ ಅನ್ನಿ, ಸಾಕು. ಗಂಡಿನ ಕಡೆಯವ್ರು ಇಚಾರ್ಸಕ್ಕೆ ಬಂದೇ ಬತ್ತಾರೆ.”

ಇದನ್ನು ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲೇ ಗಂಡಿನ ಕಡೆಯ ಇಬ್ಬರು ಸದ್ದಿಲ್ಲದೆ ಬಂದು ವಿಚಾರಿಸಿಕೊಂಡು ಹೋಗುತ್ತಾರೆ. ಅಂಗಡಿಯಲ್ಲಿ ಕೇಳುತ್ತಾರೆ, ಅಕ್ಕಪಕ್ಕದಲ್ಲಿ ಕೇಳುತ್ತಾರೆ, ಕೆಲಸದ ಜಾಗದಲ್ಲೂ ಕೇಳುತ್ತಾರೆ. ತಾವು ಯಾರು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ನೀವು ಯಾರು ಎಂದರೆ ಹಿಂಗೇ ಅನ್ನುತ್ತಾರೆ. ಹಿಂಗೇ ಅಂದವರು ಗಂಡಿನ ಕಡೆಯವರು. ಇದರಲ್ಲಿ ಯಾರಿಗೂ ಸಂಶಯವಿರುವುದಿಲ್ಲ.

ಮೇಡಂ ಮೃದು ಮನಸ್ಸಿನವರು, ಎರಡು ಹೆಣ್ಣುಮಕ್ಕಳ ತಾಯಿ. ಆಗಲಿ ಎಂದರು. ಚಿಕ್ಕಣ್ಣನಿಗೆ ಬೇರೆಯಾಗಿಯೇ ಬೆಲ್ಲ ಸಂದಾಯವಾಯಿತು. ಅವನು ಗೇಟಿನ ಪಕ್ಕದ ಸ್ಟೂಲಿನ ಮೇಲೆ ಹಿಂದೆಂದೂ ಇಲ್ಲದ ಎಚ್ಚರದಿಂದ ಕೂತ.

ತಂದೆ ಬಸ್ಸಿಗೆ ಹೋದ ಮೇಲೆ ಸವಿತಾ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಜಯಕ್ಕ, ಕೋಲು ಎಲ್ಲಿ?” ಎಂದಳು. ಗೌರಮ್ಮ ಇದಕ್ಕೇ ಕಾದಿದ್ದಳು. ಎಂ.ಎಸ್ಸಿ. ಮುದ್ದೆ ತಿರುವುವುದನ್ನು ನೋಡಿ ನಗಬೇಕೆಂದು ಪಕ್ಕದ ಬೀದಿಯ ತನ್ನ ನಾದಿನಿಯನ್ನೂ ಕರೆಸಿದ್ದಳು. ಸವಿತಾ ಕಬ್ಬು ಕಡಿಯುವ ಆಳುಗಳಿಗೆ ಮನೆಯಲ್ಲಿ ಹೈಸ್ಕೂಲಿನಿಂದಲೂ ಮುದ್ದೆ ಮಾಡಿದವಳು. ತಿರುವಿದಳು, ಕಟ್ಟಿದಳು, ಕೈ ತೊಳೆದಳು. ನಾದಿನಿ ಒಂದು ಮುದ್ದೆ ಉಂಡು ಮನೆಗೆ ಹೋದಳು.

ಒಂದು ದಿನ ಸೊಪ್ಪು ಬಿಡಿಸುತ್ತ ಕೂತಾಗ ಕೇಳಿಯೇಬಿಟ್ಟೆ. ಇಷ್ಟು ಓದಿ ಇಲ್ಲಿಗೆ ಯಾಕವ್ವ ಬಂದೆ? ಅವಳು ಲೆಕ್ಚರರ್ ಪರೀಕ್ಷೆ ಒಮ್ಮೆ ಬರೆದಿದ್ದಳು, ಸ್ವಲ್ಪದರಲ್ಲಿ ಹೋಗಿತ್ತು, ಇನ್ನೊಮ್ಮೆ ಕರೆಯುವುದು ಯಾವಾಗಲೋ ಗೊತ್ತಿರಲಿಲ್ಲ. ಅದನ್ನೆಲ್ಲ ಹೇಳಿ ಸವಿತಾ ಅಂದಳು: “ಮನೇಲಿ ಕೂತ್ರೆ ಬಂದೋರೆಲ್ಲ ಇನ್ನೂ ಏನೂ ಆಗ್ಲಿಲ್ವ ಅಂತಾರೆ ಜಯಕ್ಕ. ಅದಕ್ಕೆ ಏನ್ ಉತ್ತರ ಕೊಡೋದು? ಇಲ್ಲಿ ಮುದ್ದೆ ಆಯ್ತಾ ಅಂತಾರೆ. ಆಯ್ತು ಅನ್ನಬೌದು.”

ಮಧ್ಯಾಹ್ನದ ಊಟ ಮುಗಿದು ಸಂಜೆಯ ಒಲೆ ಹಚ್ಚುವವರೆಗೆ ನಮಗೆ ಸ್ವಲ್ಪ ಬಿಡುವು. ನಾನು ಆಗ ಕಾಲು ಚಾಚುತ್ತಿದ್ದೆ. ಸವಿತಾ ಅಕ್ಕಿ ಮೂಟೆಗೆ ಒರಗಿಕೊಂಡು ಓದುತ್ತಿದ್ದಳು. ಸೈನ್ಸ್ ಓದುವ ಹುಡುಗಿಯೊಬ್ಬಳು ನೀರು ಕುಡಿಯಲು ಬಂದವಳು ಅವಳ ಪುಸ್ತಕ ನೋಡಿದಳು. ಅಲ್ಲಿಗೆ ಗುಟ್ಟು ರಟ್ಟಾಯಿತು. ಮಾರನೆಯ ದಿನದಿಂದ ಅಡುಗೆಮನೆ ಮೆಟ್ಟಿಲ ಮೇಲೆ ಸಾಲು. ಸವಿತಾ ಒಂದು ಕಟ್ಟುಪಾಡು ಮಾಡಿದಳು: ಲೆಕ್ಕ ಹೇಳಿಸಿಕೊಳ್ಳುವವರು ಕೈ ಖಾಲಿ ಬಿಟ್ಟುಕೊಂಡು ಕೂರುವಂತಿಲ್ಲ. ಹುಡುಗಿಯರು ಅವರೆಕಾಯಿ ಬಿಡಿಸುತ್ತ ಲೆಕ್ಕ ಕಲಿತರು. ಆ ವರ್ಷ ಅವರೆಕಾಯಿ ಕಾಲದಲ್ಲಿ ನಮಗೆ ಕಾಳು ಹಿದುಕುವ ಕೆಲಸವೇ ಇರಲಿಲ್ಲ. ಈ ಹುಡುಗಿಯರಿಗೆ ಫಿಜಿಕ್ಸೂ ಕಷ್ಟವಂತೆ, ಅದನ್ನೂ ಹೇಳಿಕೊಡಬಾರದಾ ಎಂದು ಗೌರಮ್ಮ ಸಲಹೆ ಕೊಟ್ಟಳು. ಅವಳಿಗೆ ಆಗ ಬೆಳ್ಳುಳ್ಳಿ ಸುಲಿಯುವುದಿತ್ತು.

ಹೀಗಿರುವಾಗ ಒಂದು ದಿನ ಇಬ್ಬರು ಬಂದರು. ಬಿಳಿ ಅಂಗಿ, ಒಬ್ಬರ ಕಂಕುಳಲ್ಲಿ ಬ್ಯಾಗು. ಗೇಟಿನಲ್ಲಿ ನಿಂತು, ಸವಿತಾ ಅನ್ನೋರು ಇಲ್ಲೇ ಕೆಲಸ ಮಾಡೋದಾ ಎಂದರು. ಚಿಕ್ಕಣ್ಣ, ತಾವು ಯಾರು ಎಂದ. ಅವರು, ಹಿಂಗೇ, ಸ್ವಲ್ಪ ವಿಚಾರಿಸಬೇಕಿತ್ತು ಎಂದರು. ಚಿಕ್ಕಣ್ಣ ಅವರಿಗೆ ತನ್ನ ಸ್ಟೂಲು ಕೊಟ್ಟು, ಅಡುಗೆಮನೆಗೆ ಓಡಿ ಬಂದ.

“ಜಯಕ್ಕ, ಗಂಡಿನ ಕಡೆಯವ್ರು ಬಂದವ್ರೆ.”

ಸವಿತಾ ಕುಂಬಳಕಾಯಿ ಹೆಚ್ಚುತ್ತಿದ್ದಳು. ನಂಗೆ ಯಾರೂ ಹೇಳೇ ಇಲ್ವಲ್ಲ ಎಂದಳು. ಹೇಳಿಬಿಟ್ಟು ಬತ್ತಾರಾ ಎಂದು ಗೌರಮ್ಮ ತನ್ನ ಸೆರಗಿನಿಂದಲೇ ಅವಳ ಮುಖ ಒರೆಸಿದಳು. ಮೇಡಂಗೆ ಸುದ್ದಿ ಹೋಯಿತು. ಅವರು ತಮ್ಮ ಕುರ್ಚಿ ಬಿಟ್ಟೆದ್ದು ಸವಿತಾಳನ್ನು ಅದರಲ್ಲಿ ಕೂರಿಸಿ, ಪೆನ್ ಸ್ಟ್ಯಾಂಡನ್ನು ಅವಳ ಕಡೆ ತಿರುಗಿಸಿಟ್ಟು, ತಾವು ಗೋಡೆ ಪಕ್ಕದ ಬೆಂಚಿನಲ್ಲಿ ಕೂತರು. ಬಂದವರು ಕೂತರು. ನಾನು ನೀರು ಕೊಟ್ಟೆ.

ಅವರು ತುಂಬ ಕೇಳಿದರು. ಹುಡುಗಿಯರು ಎಷ್ಟು, ವಾರಕ್ಕೆ ಏನೇನು ಅಡುಗೆ, ರಾಗಿ ಎಲ್ಲಿಡುತ್ತೀರಿ. ಆಮೇಲೆ ಉಗ್ರಾಣ ನೋಡಬೇಕೆಂದರು, ತೋರಿಸಿದೆವು. ಶೌಚಾಲಯ ನೋಡಬೇಕೆಂದರು, ಅದನ್ನೂ ತೋರಿಸಿದೆವು. ಗೌರಮ್ಮ ನನ್ನ ಕಿವಿಯಲ್ಲಿ, “ಬಾಳ ಚೊಕ್ಕ ಮಂದಿ ಕಣಕ್ಕ, ಕಕ್ಕಸನ್ನೂ ಬುಡ್ದಂಗೆ ನೋಡ್ತಾವ್ರೆ. ನಮ್ ಸವಿತಾ ಪುಣ್ಯ ಮಾಡಿದ್ಲು” ಎಂದಳು.

ಕೊನೆಗೆ ಬ್ಯಾಗಿನವರು ಸವಿತಾಳ ಕಡೆ ಕೈ ಮಾಡಿ, ಇವರದು ಇಲ್ಲಿ ಏನು ಕೆಲಸ ಎಂದು ಮೇಡಂರನ್ನು ಕೇಳಿದರು. ಆಫೀಸೆಲ್ಲ ಇವಳ ಕೈಯಲ್ಲೇ ನಡೆಯೋದು, ಮಧ್ಯಾಹ್ನ ಮಕ್ಕಳಿಗೆ ಪಾಠ ಬೇರೆ ಹೇಳುತ್ತಾಳೆ ಎಂದರು ಮೇಡಂ. ಹಾಗಾದರೆ ಅಡುಗೆಮನೆ ಕಡೆ ಎಂದು ಅವರು ರಾಗ ಎಳೆದರು. “ಅಯ್ಯೋ, ಆ ಕಡೆ ತಲೇನೂ ಹಾಕಲ್ಲ” ಎಂದುಬಿಟ್ಟರು ಮೇಡಂ. ಅಂದ ಮೇಲೆ, ಮದುವೆಯಾಗುವ ಹುಡುಗಿಗೆ ಇದು ಒಳ್ಳೆಯ ಹೆಸರಲ್ಲ ಎಂದು ಹೊಳೆದು, ಮನೆಯಲ್ಲಿ ಎಲ್ಲ ಮಾಡುತ್ತಾಳೆ ಎಂದು ಸೇರಿಸಿದರು. ಅವರು ಅದನ್ನು ಬರೆದುಕೊಂಡರು. ಗಂಡಿನ ಕಡೆಯವರು ಬರೆದುಕೊಳ್ಳುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಓದಿದ ಮನೆತನ ಇರಬೇಕು ಅಂದುಕೊಂಡೆ. ಊಟ ಹಾಕಿದೆವು. ಬೇಡ ಬೇಡ ಅನ್ನುತ್ತಲೇ ಉಂಡರು. ಹೋಗುವಾಗ, ತಿಳಿಸ್ತೀವಿ ಎಂದರು. ಗಂಡಿನ ಕಡೆಯವರು ಹೇಳುವುದೂ ಅದನ್ನೇ.

ಕೆಲವು ದಿನಗಳ ಮೇಲೆ ನೋಟಿಸು ಬಂತು. ಮೇಡಂ ಅದನ್ನು ಅಡುಗೆಮನೆಯಲ್ಲಿ ನಿಂತೇ ಓದಿದರು. ತಪಾಸಣೆ ವೇಳೆ ಕಂಡುಬಂದಂತೆ ಅಡುಗೆ ಸಹಾಯಕಿಯು ಅಡುಗೆ ಕೆಲಸವನ್ನು ಮಾಡುತ್ತಿಲ್ಲ, ವಾರ್ಡನ್ ಕುರ್ಚಿಯಲ್ಲಿ ಕುಳಿತಿರುತ್ತಾರೆ, ಅಡುಗೆಮನೆಗೆ ತಲೆಯನ್ನೂ ಹಾಕುವುದಿಲ್ಲವೆಂದು ವಾರ್ಡನ್ ಅವರೇ ಒಪ್ಪಿಕೊಂಡಿರುತ್ತಾರೆ. ವಿವರಣೆ ಸರಿಹೋಗದಿದ್ದರೆ ಸವಿತಾಳನ್ನು ಕೆಲಸದಿಂದ ತೆಗೆಯುತ್ತಾರೆ. ಅವಳದಿನ್ನೂ ಪ್ರೊಬೇಷನ್ ಕಾಲ, ತೆಗೆಯುವುದು ಸುಲಭ. ಅಷ್ಟರಲ್ಲಿ ಚಿಕ್ಕಣ್ಣ ಬಾಗಿಲಿಗೆ ಬಂದು ಇಣುಕಿದ.

“ಒಪ್ಪುದ್ರಂತಾ ಮೇಡಮ್ಮು?” ಎಂದ.

ಸವಿತಾ ನೋಟಿಸನ್ನು ಇಸಿದುಕೊಂಡು ಎರಡು ಸಲ ಓದಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಆ ದಿನ ಒಂದೇ. ಈರುಳ್ಳಿ ಎದುರಿಗಿತ್ತು, ಆದರೆ ಹೆಚ್ಚುತ್ತಿದ್ದವಳು ಗೌರಮ್ಮ.

ವಿವರಣೆ ಕೊಡಲು ಮೇಡಂ, ಸವಿತಾ, ಹಿರಿಯಳೆಂದು ನಾನು, ಮೂವರೂ ತಾಲ್ಲೂಕು ಕಚೇರಿಗೆ ಹೋದೆವು. ಅಧಿಕಾರಿ ಹೊಸಬರು, ವಿಜಯಪುರದ ಕಡೆಯವರು. ಮೇಡಂ ಬೆಲ್ಲದಿಂದ ಶುರುಮಾಡಿ ಕಕ್ಕಸಿನವರೆಗೆ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಬೇರೆ ದಾರಿ ಇರಲಿಲ್ಲ. ಅಧಿಕಾರಿಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಂದ್ರ, ತಪಾಸಣಿಗೆ ಬಂದವರಿಗೆ ನೀವು ಹೆಣ್ಣು ತೋರಿಸೀರಿ.”

“ಹೌದು ಸಾರ್.”

“ಚಾ ಕೊಟ್ಟೀರೇನು?”

“ಊಟಾನೇ ಹಾಕಿದ್ವಿ ಸಾರ್.”

ಅವರು ಸ್ವಲ್ಪ ಹೊತ್ತು ಫ್ಯಾನಿನ ಕಡೆ ನೋಡಿದರು. ಆಮೇಲೆ ಸವಿತಾಳ ಕಾಗದ ನೋಡಿದರು. ಎಂ.ಎಸ್ಸಿ. ಅನ್ನುವುದರ ಮೇಲೆ ಅವರ ಬೆರಳು ನಿಂತಿತು. ಕಂಪ್ಯೂಟರ್ ಬರತೈತೇನವಾ ಎಂದು ಕೇಳಿದರು. ಬರುತ್ತದೆ ಎಂದಳು. ಹಾಗಾದರೆ ಚಿಂತೆಯೇ ಬೇಡ ಎಂದರು ಅವರು. ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವರು ಇಲ್ಲ. ಇವಳು ನಾಳೆಯಿಂದ ಇಲ್ಲಿಗೇ ಬರಲಿ. ಆದೇಶ, ಸಂಬಳ ಅಡುಗೆಯವಳದೇ ಇರಲಿ. ನೋಟಿಸಿಗೆ ತಾವೇ ಏನಾದರೂ ಬರೆದು ಮುಗಿಸುತ್ತಾರೆ.

ಮೇಡಂ ಮುಖ ಅರಳಿತು. ನನ್ನದೂ ಅರಳಿರಬೇಕು. ಕೆಲಸ ಉಳಿಯಿತು, ಕುರ್ಚಿಯೂ ಸಿಕ್ಕಿತು, ನಿಂಗೇಗೌಡರು ಊರಲ್ಲಿ ಹೇಳಿದ್ದೂ ನಿಜವಾಯಿತು. ಇಷ್ಟೆಲ್ಲ ಒಂದೇ ಮಾತಿನಲ್ಲಿ ಸರಿಹೋದದ್ದನ್ನು ನಾನು ಸರ್ಕಾರಿ ಕಚೇರಿಯಲ್ಲಿ ಅದಕ್ಕೆ ಮೊದಲು ನೋಡಿರಲಿಲ್ಲ.

ಸವಿತಾ ಎದ್ದು ನಿಂತಳು. “ಸಾರ್, ನಾನು ಇಲ್ಲಿ ಕೂತ್ರೆ ಅಲ್ಲಿ ಮುದ್ದೆ ಯಾರು ತಿರುವೋದು?”

“ಉಳಿದವರು ಅದಾರಲ್ಲ.”

“ಈಗ ನೋಟಿಸು ಬಂದಿರೋದೂ ಇದಕ್ಕೇ ಅಲ್ವಾ ಸಾರ್? ಅಡುಗೆಯವಳು ಆಫೀಸಲ್ಲಿ ಕೂತಿದ್ಲು ಅಂತ.”

ಅಧಿಕಾರಿಗಳು ಕನ್ನಡಕ ಹಾಕಿಕೊಂಡರು. “ಹೌದಲ್ಲ” ಎಂದರು. ಸಿಟ್ಟಾಗಿರಲಿಲ್ಲ. ನಿಜವಾಗಿಯೂ ಆಗಲೇ ಹೊಳೆದ ಹಾಗಿತ್ತು.

ನಾನು ಅಡುಗೆ ಕೆಲಸಕ್ಕೆ ಸೇರಿರೋದು, ಅಡುಗೆ ಮಾಡ್ತೀನಿ, ಬಂದು ನೋಡಿ ಸಾರ್ ಎಂದಳು ಸವಿತಾ. ಅವರು ಬರುತ್ತೇನೆ ಎಂದರು. ನೋಡಿ ತೃಪ್ತಿಯಾಗದಿದ್ದರೆ ನೋಟಿಸಿನ ಪ್ರಕಾರವೇ ಹೋಗಬೇಕಾಗುತ್ತದೆ ಎಂದೂ ಹೇಳಿದರು.

ಆಟೋದಲ್ಲಿ ವಾಪಸ್ಸು ಬರುವಾಗ ನಾನು ಬೈದೆ. ಅಂಥ ಕುರ್ಚಿ ಬೇಡ ಅನ್ನುವಷ್ಟು ಓದಿದ್ದೀಯಾ ಎಂದೆ. ಸವಿತಾ ಹೊರಗಡೆ ನೋಡುತ್ತ, “ಒಂದ್ ಸಲ ಇನ್ನೊಬ್ರ ಕುರ್ಚೀಲಿ ಕೂತು ಸಾಕಾಗಿದೆ ಜಯಕ್ಕ. ಯಾರೋ ಬಂದು ಏಳು ಅಂದ್ರೆ ಏಳ್ಬೇಕು. ಇಲ್ಲ ಅಂದ್ರೆ ಎರಡು ಕೆಲಸಾನೂ ನನ್ನ ಕೈಲೇ ಮಾಡಿಸ್ತಾರೆ, ನಿಮ್ ಮಂಡೀನೂ ಹೋಯ್ತದೆ” ಎಂದಳು. ಮಂಡಿಯ ಮಾತು ನಿಜ. ಅವಳು ಹೋಗಿದ್ದರೆ ಆ ಕೋಲು ನನ್ನ ಕೈಗೇ ಬರುತ್ತಿತ್ತು. ಕಚೇರಿಯಲ್ಲಿ ಅರಳಿದ ಮುಖಕ್ಕೆ ಅದು ಹೊಳೆದಿರಲಿಲ್ಲ.

ಅಧಿಕಾರಿಗಳು ಬಂದದ್ದು ಮುಂದಿನ ವಾರ, ಹೇಳದೆ. ಜೊತೆಗೆ ಜೀಪಿನ ಡ್ರೈವರ್ ಮಂಜು, ಮದ್ದೂರಿನವನು. ನಾನು ಮತ್ತು ಗೌರಮ್ಮ ಕವೆಗೋಲು ಹಿಡಿಯಬಹುದು, ಬೇರೆ ಏನೂ ಮುಟ್ಟುವಂತಿಲ್ಲ ಎಂದರು. ನೀರು ಕುದಿಯಿತು. ಸವಿತಾ ಹಿಟ್ಟು ಸುರಿದಳು, ಬೇಯಲು ಬಿಟ್ಟಳು. ಅಧಿಕಾರಿಗಳು ಹತ್ತಿರ ಬಗ್ಗಿ ನೋಡಿದರು. ಕನ್ನಡಕಕ್ಕೆ ಹಬೆ ಹಿಡಿದು ಏನೂ ಕಾಣದೆ ಹಿಂದಕ್ಕೆ ಸರಿದರು. ಅವಳು ತಿರುವಲು ಶುರುಮಾಡಿದಳು, ನಾನು ಕವೆಗೋಲು ಒತ್ತಿ ಹಿಡಿದೆ. ಇವತ್ತು ಗಂಟಾದರೆ ಕೆಲಸ ಹೋಯಿತು ಅನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹುಡುಗಿಯರು ತಟ್ಟೆ ಹಿಡಿದು ಬಾಗಿಲಲ್ಲಿ ಗುಂಪು ಕಟ್ಟಿದ್ದರು.

ಕೈಗೆ ನೀರು ಮುಟ್ಟಿಸಿಕೊಂಡು ಮುದ್ದೆ ಕಟ್ಟಿದಳು. ಮೊದಲನೆಯದು ಅಧಿಕಾರಿಗಳಿಗೆ, ಅವರೆಕಾಳು ಸಾರಿನ ಜೊತೆ. ಅವರು ಒಂದು ತುಂಡು ಬಾಯಿಗಿಟ್ಟು ಅಗಿಯತೊಡಗಿದರು. ನುಂಗಬೇಕಾದ ಮುದ್ದೆಯನ್ನು ಅಗಿದರು. ಗೌರಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಬಹಳ ಹೊತ್ತು ಅಗಿದ ಮೇಲೆ ಅವರು ಪ್ರಾಮಾಣಿಕವಾಗಿ ಹೇಳಿದರು:

“ನಮ್ಮ ಕಡೆ ರೊಟ್ಟಿ. ಇದು ಚಲೋ ಆಗೇತೋ ಇಲ್ಲೋ ನನಗ ತಿಳಿಯಂಗಿಲ್ಲ. ಮಂಜು, ನೀ ಕೂಡು.”

ಮಂಜು ಕೈ ತೊಳೆದು ಬಂದು ಚಕ್ಕಳಮಕ್ಕಳ ಹಾಕಿ ಕೂತ. ಬೆರಳಲ್ಲಿ ಒತ್ತಿ ನೋಡಿದ. ಮುರಿದ, ಸಾರಿಗೆ ಅದ್ದಿದ, ನುಂಗಿದ. ಇಡೀ ಮುದ್ದೆ ಮುಗಿಸಿ ತಟ್ಟೆ ಮುಂದಕ್ಕೆ ಚಾಚಿದ. ಇನ್ನೊಂದು ಹಾಕಿದೆ. ಅದೂ ಅರ್ಧವಾದ ಮೇಲೆ ಅಧಿಕಾರಿಗಳು ತಾಳಲಾರದೆ, ಏನಂತೀ ಎಂದರು.

“ಗಂಟಿಲ್ಲ ಸಾ.”

“ಮತ್ತ?”

ಮಂಜು ಅವರ ಮುಖವನ್ನು ಅರ್ಥವಾಗದವನಂತೆ ನೋಡಿ, “ಇನ್ನೇನ್ ಸಾ?” ಎಂದ.

ಅವರು ಬರೆದುಕೊಂಡರು. ಸವಿತಾಳ ಪ್ರೊಬೇಷನ್ ಮುಗಿದು ಕೆಲಸ ಕಾಯಂ ಆಯಿತು. ಆ ಕಡತದಲ್ಲಿ, ತಯಾರಿಸಿದ ಮುದ್ದೆಯಲ್ಲಿ ಗಂಟುಗಳು ಕಂಡುಬರಲಿಲ್ಲ ಎಂಬ ಒಕ್ಕಣೆ ಇದೆ ಎಂದು ಮೇಡಂ ಹೇಳಿದರು. ಇಷ್ಟು ಓದಿ ಇಂಥ ಸರ್ಟಿಫಿಕೇಟ್ ತೆಗೆದುಕೊಂಡವರು ಇನ್ನೊಬ್ಬರು ಇರಲಾರರು.

ಈ ಗಲಾಟೆಯಲ್ಲಿ ಹೆಚ್ಚು ಬೈಸಿಕೊಂಡವನು ಚಿಕ್ಕಣ್ಣ. ಅವನು ಪಾಠ ಕಲಿತ. ಯಾರು ಬಂದು ಹಿಂಗೇ ಅಂದರೂ ಅವರು ತಪಾಸಣೆಯವರು ಎಂದು ತೀರ್ಮಾನ ಮಾಡಿಕೊಂಡ. ಯುಗಾದಿಯ ಹಿಂದುಮುಂದಿನಲ್ಲಿ ಮೂವರು ಬಂದರು. ಇಬ್ಬರು ಗಂಡಸರು, ಒಬ್ಬರು ವಯಸ್ಸಾದ ಹೆಂಗಸು, ರೇಷ್ಮೆ ಸೀರೆ. ಲೇಡಿ ಆಫೀಸರ್ರೂ ಬಂದಿದ್ದಾರೆ, ಈ ಸಲ ಜೋರು ಎಂದುಕೊಂಡ ಚಿಕ್ಕಣ್ಣ. ಅವರು ಸವಿತಾಳ ಹೆಸರು ಎತ್ತುವುದೇ ತಡ, ಎದ್ದು ನಿಂತು ಸಲಾಂ ಹೊಡೆದ.

“ಸವಿತಾನಾ ಸಾ? ಆಪೀಸ್ ಕಡೆ ತಲೇನೂ ಆಕಲ್ಲ. ಒತ್ತುಟ್ಟಿದ್ರೆ ಒಲೆ ಮುಂದೆ, ಒತ್ತು ಮುಳುಗುದ್ರೆ ಒಲೆ ಮುಂದೆ. ಅವ್ಳು ಕುರ್ಚಿ ಮ್ಯಾಲೆ ಕೂತಿದ್ದ ನಾನಂತೂ ಕಂಡಿಲ್ಲ.”

ಅಷ್ಟು ಹೇಳಿ ಅವರನ್ನು ನೇರವಾಗಿ ಅಡುಗೆಮನೆಗೇ ಕರೆತಂದ. ಮೇಡಂ, ಅವರು ಕೇಳುವ ಮೊದಲೇ ರಾಗಿ ಮೂಟೆ ತೋರಿಸಿದರು. ಆ ಹೆಂಗಸನ್ನು ಕರೆದುಕೊಂಡು ಹೋಗಿ ಶೌಚಾಲಯವನ್ನೂ ತೋರಿಸಿದರು. ಆಯಮ್ಮ ಗಾಬರಿಯಾದಂತೆ ಕಂಡರು. ವಾಪಸ್ಸು ಬಂದು ಸವಿತಾಳ ಪಕ್ಕ ನಿಂತು, ಯಾವ ನಕ್ಷತ್ರ ಮಗ ನಿಂದು ಎಂದು ಕೇಳಿದರು.

ಗೌರಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ನನ್ನ ಕಡೆ ತಿರುಗಿ ಮೆಲ್ಲಗೆ, “ತಪಾಸಣೆಯವ್ರು ನಕ್ಷತ್ರ ಕೇಳ್ತಾರಾ ಜಯಕ್ಕ?” ಎಂದಳು.

ಅಷ್ಟರಲ್ಲಿ ಹೇಳಬಾರದ್ದೆಲ್ಲ ಹೇಳಿ ಆಗಿತ್ತು. ಸವಿತಾ ಮಾತ್ರ ಗಾಬರಿಯಾಗಲಿಲ್ಲ. ಕೋಲು ಕೈಯಲ್ಲಿ ಹಿಡಿದೇ ನಕ್ಷತ್ರ ಹೇಳಿದಳು, ಕೆಲಸ ಅಡುಗೆ ಸಹಾಯಕಿ ಎಂದಳು, ಓದಿದ್ದು ಎಂ.ಎಸ್ಸಿ. ಎಂದೂ ಹೇಳಿದಳು. ಎಲೆ ಹಾಕಿದೆವು, ಉಂಡರು. ತಿಳಿಸ್ತೀವಿ ಎಂದರು.

ತಿಳಿಸಿದರು. ತಿಳಿಸಿದ ಮಾತನ್ನು ಹೊತ್ತು ನಿಂಗೇಗೌಡರೇ ಬಂದರು, ಕೈಯಲ್ಲಿ ಅದೇ ಬೆಲ್ಲದ ಚೀಲ. ಅಡುಗೆಮನೆ ಮೆಟ್ಟಿಲ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡರು. ಅಡುಗೆ ಕೆಲಸ ಅನ್ನುವುದಕ್ಕೆ ಗಂಡಿನ ಕಡೆಯವರದು ಏನೂ ತಕರಾರಿರಲಿಲ್ಲವಂತೆ. ಸರ್ಕಾರಿ ನೌಕರಿ, ಕೈರುಚಿ ಇದೆ, ಕಣ್ಣಾರೆ ನೋಡಿ ಉಂಡು ಬಂದಿದ್ದಾರೆ. ತಕರಾರು ಇದ್ದದ್ದು ಎಂ.ಎಸ್ಸಿ.ಗೆ. ಹುಡುಗ ಓದಿರುವುದು ಪಿ.ಯು.ಸಿ., ಮದ್ದೂರಿನಲ್ಲಿ ಗೊಬ್ಬರದ ಅಂಗಡಿ. ನಮ್ಮ ಹುಡುಗನಿಗೆ ಈ ಓದು ಜಾಸ್ತಿಯಾಯಿತು, ಮೊದಲೇ ಗೊತ್ತಿದ್ದರೆ ಬರುತ್ತಲೇ ಇರಲಿಲ್ಲ ಎಂದು ಹೇಳಿ ಕಳಿಸಿದ್ದರು.

ನಿಂಗೇಗೌಡರು ಚೀಲವನ್ನು ನನ್ನ ಕಡೆ ಸರಿಸಿದರು. ಅವರ ದನಿ ಇಳಿದಿತ್ತು.

“ಇನ್ಮ್ಯಾಕೆ ಯಾರಾದ್ರೂ ಬಂದು ಕೇಳುದ್ರೆ ಅಡುಗೆಯವ್ಳು ಅಂತ್ಲೇ ಏಳ್ಬುಡಿ ಕಣವ್ವ. ಆ ಎಮ್ಮೆಸ್ಸಿ ಇಸ್ಯ ಮಾತ್ರ ಎತ್ತಬ್ಯಾಡಿ.”

ಮೇಡಂ ನೆಲ ನೋಡಿದರು. ಗೌರಮ್ಮ ಬೆಲ್ಲ ನೋಡಿದಳು. ಸವಿತಾ ಬಂದು ಚೀಲದಿಂದ ಒಂದು ಅಚ್ಚು ತೆಗೆದು, ಕುಟ್ಟಿ ಪುಡಿಮಾಡಿ, ಅಪ್ಪನಿಗೆ ಪಾನಕ ಮಾಡಿ ಕೊಟ್ಟಳು. ಅವರು ಕುಡಿಯುವವರೆಗೆ ಕಾದಳು. ಆಮೇಲೆ ಚಿಕ್ಕಣ್ಣನನ್ನು ಕೂಗಿದಳು.

“ಚಿಕ್ಕಣ್ಣ, ಇನ್ಮೇಲೆ ಯಾರ್ ಬಂದು ಕೇಳುದ್ರೂ ಎರಡೂ ಹೇಳು.”

“ಎರಡೂವಾ?”

“ಎರಡೂ. ಅಡುಗೆಯವಳು, ಎಂ.ಎಸ್ಸಿ.”

“ತಪಾಸಣೆಯವ್ರಾದ್ರೆ?”

“ಅವ್ರಿಗೂ ಅದನ್ನೇ.”

ನಿಂಗೇಗೌಡರು ಲೋಟ ಕೆಳಗಿಟ್ಟು, ಹಂಗಾದ್ರೆ ಲಗ್ನ ಎಂದರು. ಅವಳು ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು. “ಎರಡೂ ಕೇಳುದ್ಮೇಲೂ ಎದ್ದು ಹೋಗ್ದೆ ಕೂತು ಉಣ್ಣೋನು ಬರ್ಲಿ ಅಪ್ಪ. ಬರ್ದೇ ಇದ್ರೆ ಮುದ್ದೆ ಮಿಗ್ತದೆ, ನಾವೇ ಉಣ್ಣೋಣ” ಎಂದಳು. ಅವರು ಅವಳ ಕೈ ಹಿಡಿದು, ಅಂಗೈಯಲ್ಲಿ ಕೋಲು ಹಿಡಿದು ಗಟ್ಟಿಯಾಗಿದ್ದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ನಿನ್ನವ್ವನ ಕೈಗಿಂತ ಒರಟಾಯ್ತಲ್ಲೇ ಎಂದರು. ಸಂಜೆ ಬಸ್ಸಿಗೆ ಹೋದರು. ಈಗಲೂ ತಿಂಗಳಿಗೊಮ್ಮೆ ಬೆಲ್ಲ ತರುತ್ತಾರೆ. ಬಂದವರಿಗೆ ಏನು ಹೇಳಬೇಕೆಂದು ಮಾತ್ರ ಹೇಳಿಕೊಡುವುದಿಲ್ಲ.

ಇದನ್ನೆಲ್ಲ ಕೇಳಿದ ರಮ್ಯಾ, ಹಾಗಾದರೆ ನಾನು ಸೇರಲಾ ಬೇಡವಾ ಅಂತ ಹೇಳಲೇ ಇಲ್ವಲ್ಲ ಆಂಟಿ ಎಂದಳು. ಸೇರು ಎಂದೆ. ಮನೆಯಲ್ಲಿ ಕೂತು ಕಾಯುವುದಕ್ಕಿಂತ ದುಡಿಯುತ್ತ ಕಾಯುವುದು ಮೇಲು. ಓದು ಸಾಹೇಬರ ಲೋಟ ತೊಳೆದರೆ ತೊಳೆದುಹೋಗುವುದಿಲ್ಲ. ಆದರೆ ಆದೇಶದಲ್ಲಿ ಏನು ಬರೆದಿದೆಯೋ ಆ ಕೆಲಸ ಮಾಡು. ಎಂ.ಕಾಂ. ಅಂತ ಗೊತ್ತಾದ ದಿನವೇ ಯಾರೋ ಒಬ್ಬರು ತಮ್ಮ ಕುರ್ಚಿಯನ್ನು ನಿನ್ನ ಕಡೆ ತಳ್ಳಿ ಊಟಕ್ಕೆ ಹೋಗುತ್ತಾರೆ. ಕೂರಬೇಡ. ಅದರಲ್ಲಿ ಕೂರಲೇಬೇಕು ಅನಿಸಿದರೆ ಪರೀಕ್ಷೆ ಕಟ್ಟಿ ಪಾಸು ಮಾಡಿ ಕೂತುಕೋ. ಮತ್ತೆ ನಿಮ್ಮ ಅಪ್ಪ ಬೀದಿಯಲ್ಲಿ ಏನು ಹೇಳುತ್ತಾರೆ ಅನ್ನುವುದನ್ನು ಸೇರುವ ಮೊದಲೇ ಕೇಳಿಕೋ. ರಮ್ಯಾ ಯೋಚಿಸುತ್ತೇನೆ ಎಂದು ಸಾರಿನ ಪಾತ್ರೆ ಎತ್ತಿಕೊಂಡು ಹೋದಳು. ಸೇರಲು ಕಾಲಾವಕಾಶ ಇನ್ನೂ ಇದೆ.

ಹೋದ ತಿಂಗಳು ಮಳವಳ್ಳಿಗೆ ಹೋಗಿದ್ದೆ. ಈಗ ಮುದ್ದೆ ಕೋಲು, ಉಗ್ರಾಣದ ಬೀಗದ ಕೈ, ಎರಡೂ ಸವಿತಾಳ ಹತ್ತಿರ. ಲೆಕ್ಚರರ್ ಪರೀಕ್ಷೆ ಮತ್ತೆ ಬರೆದಿದ್ದಾಳೆ, ಫಲಿತಾಂಶ ಬಂದಿಲ್ಲ. ನಾನು ಹಾಸ್ಟೆಲ್ ಮುಂದೆ ಇಳಿದಾಗ ಗ್ಯಾಸಿನ ಆಟೋ ಬಂದು ನಿಂತಿತ್ತು. ಸಿಲಿಂಡರ್ ತಂದವನು ಚಿಕ್ಕಣ್ಣನನ್ನು, ಎಲ್ಲಿಡಬೇಕು ಎಂದು ಕೇಳಿದ.

“ಒಳಗೆ ಸವಿತಾ ಅಂತ ಅವ್ಳೆ” ಎಂದ ಚಿಕ್ಕಣ್ಣ, ಸ್ಟೂಲಿನಿಂದ ಎದ್ದು ನಿಂತು. “ಅಡುಗೆಯವ್ಳು. ಎಮ್ಮೆಸ್ಸಿ.”

ಗ್ಯಾಸಿನವನು ಸಿಲಿಂಡರನ್ನು ಉರುಳಿಸಿಕೊಂಡು ಒಳಗೆ ಹೋದ.